ಹಳೆ ಕಾರು ಸ್ಟಾರ್ಟ್ ಆಗ್ತಿಲ್ವಾ? ಈ ಗೇಜ್‌ನ ಅರ್ಧ ಮಾತ್ರ ನಿಮಗೆ ಬೇಕು

ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತ) ಮತ್ತು ಫ್ಯೂಯಲ್ ಪ್ರೆಶರ್ (ಪೆಟ್ರೋಲ್ ಒತ್ತಡ) ಎರಡನ್ನೂ ತೋರಿಸುವ ದುಂಡನೆಯ ಗೇಜ್ ಇದು. ಡಯಲ್‌ನಲ್ಲಿ ಒಂದು ಕಡೆ 0 ರಿಂದ 30 ಇಂಚು ಪಾದರಸದವರೆಗೆ ವ್ಯಾಕ್ಯೂಮ್, ಇನ್ನೊಂದು ಕಡೆ 0 ರಿಂದ 10 ಪಿಎಸ್‌ಐವರೆಗೆ ಪ್ರೆಶರ್. ಜೊತೆಗೆ ಒಂದು ರಬ್ಬರ್ ಹೋಸ್, ಒಂದು ಪ್ಲಾಸ್ಟಿಕ್ ಟೀ (ಮೂರು ಬಾಯಿಯ ಜೋಡಣೆ), ಒಂದೆರಡು ಅಡಾಪ್ಟರ್. ಡಬ್ಬದ ಮೇಲೆಲ್ಲ ವ್ಯಾಕ್ಯೂಮ್ ಗುಣಗಾನವೇ. ಆದರೆ ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಇರುವ ಕಾರು ಸ್ಟಾರ್ಟ್ ಆಗದೆ ಸತಾಯಿಸುತ್ತಿದ್ದರೆ ನಿಮ್ಮ ಕೈ ಹಿಡಿಯುವುದು ಪ್ರೆಶರ್ ಕಡೆ. ನಾನು ಇದನ್ನು ಇಟ್ಟುಕೊಂಡಿರುವುದೂ ಅದಕ್ಕೇ.

ಮೊದಲೇ ಹೇಳಿಬಿಡುತ್ತೇನೆ, ಸ್ಪಾರ್ಕ್ ಬಗ್ಗೆ ಈ ಗೇಜ್‌ಗೆ ಏನೂ ಗೊತ್ತಿಲ್ಲ. ಹಾಗಾಗಿ ಇದನ್ನು ಜೋಡಿಸುವ ಮುಂಚೆ ಕರೆಂಟ್ ಕಡೆ ನೋಡಿ ಮುಗಿಸಿ. ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಸ್ಪಾರ್ಕ್ ನೀಲಿಯಾಗಿ ಚಟ್ ಅಂತ ಹಾರಬೇಕು, ಹಳದಿಯಾಗಿ ಸೊರಗಿದ್ದರೆ ಸ್ಪಾರ್ಕ್ ಹುಟ್ಟಿಸುವ ಪಾಯಿಂಟ್, ಕಂಡೆನ್ಸರ್, ಕಾಯಿಲ್ ನೋಡಿ. ಸೆಲ್ಫ್ ಹೊಡೆಯುವಾಗ ಎಂಜಿನ್ ಹತ್ತಿಕೊಂಡು, ಕೀ ಬಿಟ್ಟ ತಕ್ಷಣ ಸತ್ತರೆ ಕಾರ್ಬುರೇಟರ್ ಬಿಚ್ಚಲೇಬೇಡಿ. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ಇರುವ ಕಾರುಗಳಲ್ಲಿ ಅದು ಸುಟ್ಟುಹೋದಾಗ ಸರಿಯಾಗಿ ಹೀಗೇ ಆಗುತ್ತದೆ, ಯಾಕಂದರೆ ಸೆಲ್ಫ್ ಹೊಡೆಯುವಷ್ಟು ಹೊತ್ತು ಕಾಯಿಲ್‌ಗೆ ಬೇರೆ ದಾರಿಯಿಂದ ಕರೆಂಟ್ ಸಿಗುತ್ತಿರುತ್ತದೆ.

ಈಗ ಗೇಜ್ ವಿಷಯ. ನನ್ನ ಕಾರಿನ ರೋಗ ತುಂಬಾ ಜನರಿಗೆ ಗೊತ್ತಿರುವಂಥದ್ದೇ. ಬೆಳಿಗ್ಗೆ ತಣ್ಣಗಿದ್ದಾಗ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಸ್ವಲ್ಪ ಓಡಿಸಿ, ನಿಲ್ಲಿಸಿ, ಒಂದು ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹತ್ತುವುದಿಲ್ಲ. ಇದನ್ನು ಹೇಳಿದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು, ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ಲೈನ್ ಕಟ್ಟಿಕೊಳ್ಳುವುದು. ಆದರೆ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿಯಾಗಿ ಓವರ್ ಆದರೂ ಲಕ್ಷಣ ಇದೇ ಅಲ್ವಾ? ಪೆಟ್ರೋಲ್ ಬರುತ್ತಲೇ ಇಲ್ಲವೋ, ಬೇಡದಿದ್ದರೂ ಸುರಿಯುತ್ತಿದೆಯೋ ಅನ್ನುವುದು ಮೊದಲು ಗೊತ್ತಾಗಬೇಕು, ಎರಡಕ್ಕೂ ಮದ್ದು ಪೂರಾ ಉಲ್ಟಾ.

ಪಂಪ್‌ನಿಂದ ಕಾರ್ಬುರೇಟರ್‌ಗೆ ಹೋಗುವ ಲೈನ್‌ನಲ್ಲಿ ಟೀ ಹಾಕಿ ಗೇಜ್ ಜೋಡಿಸಿದೆ. ಎಂಜಿನ್ ತಣ್ಣಗಿರುವಾಗಲೇ ಈ ಕೆಲಸ ಮಾಡಿ, ಪಕ್ಕದಲ್ಲಿ ಬಟ್ಟೆ ಇರಲಿ, ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಕಥೆ ಮುಗಿಯಿತು. ಐಡ್ಲಿಂಗ್‌ನಲ್ಲಿ ಮುಳ್ಳು 4 ಪಿಎಸ್‌ಐ ಹತ್ತಿರ ನಿಂತಿತು. ನನ್ನ ಕಾರಿಗೆ ಅದು ಸರಿ. ಎಸ್‌ಯು ಕಂಪನಿಯ ಕಾರ್ಬುರೇಟರ್ ಆದರೆ 3ರ ಒಳಗೇ ಇರಬೇಕು, ಜಾಸ್ತಿಯಾದರೆ ಕಾರ್ಬುರೇಟರ್ ಒಳಗೆ ಬರುವ ಪೆಟ್ರೋಲ್‌ಗೆ ಬಾಗಿಲಿನಂತಿರುವ ನೀಡಲ್ ವಾಲ್ವ್ ತಡೆಯಲಾರದೆ, ಪೆಟ್ರೋಲ್ ನಿಲ್ಲುವ ಬೌಲ್ ತುಂಬಿ ಹರಿಯುತ್ತದೆ. ಆಮೇಲೆ ಎಂಜಿನ್ ಬಿಸಿ ಮಾಡಿ ನಿಲ್ಲಿಸಿದೆ. ಅಸಲಿ ಪರೀಕ್ಷೆ ಇರುವುದು ಇಲ್ಲೇ. ಎಲ್ಲ ಸರಿಯಿದ್ದರೆ ಆ ಪ್ರೆಶರ್ ಕೆಲವು ನಿಮಿಷವಾದರೂ ಹಿಡಿದು ನಿಲ್ಲಬೇಕು, ಬಿಸಿಗೆ ಲೈನ್‌ನಲ್ಲಿರುವ ಪೆಟ್ರೋಲ್ ಹಿಗ್ಗಿ ಮುಳ್ಳು ಸ್ವಲ್ಪ ಮೇಲೇರಿದರೂ ಏರಬಹುದು. ನನ್ನದು ಕಣ್ಣೆದುರೇ ಜಾರಿ ಸೊನ್ನೆಗೆ ಬಂತು. ಏರ್ ಕ್ಲೀನರ್ ತೆಗೆದು ಟಾರ್ಚ್ ಬಿಟ್ಟು ಬಗ್ಗಿ ನೋಡಿದರೆ, ನಿಂತಿರುವ ಎಂಜಿನ್‌ನಲ್ಲೂ ನಾಝಲ್ ತುದಿಯಲ್ಲಿ ಪೆಟ್ರೋಲ್ ಹನಿಗಟ್ಟಿ, ಜಾರಿ, ಥ್ರಾಟಲ್ ಪ್ಲೇಟ್ ಮೇಲೆ ಬೀಳುತ್ತಿತ್ತು.

ಪಂಪ್‌ನ ಒಳವಾಲ್ವ್ ಕೆಟ್ಟರೂ ಪ್ರೆಶರ್ ಹೀಗೇ ಬೀಳಬಹುದು. ಅದನ್ನು ಬಗೆಹರಿಸಲು ಕಾಯಿಲ್ ವಯರ್ ತೆಗೆದಿಟ್ಟು, ಕಾರ್ಬುರೇಟರ್ ಬಿಟ್ಟು ಗೇಜ್ ಅನ್ನು ನೇರವಾಗಿ ಪಂಪ್‌ಗೇ ಹಾಕಿ ಸೆಲ್ಫ್ ಹೊಡೆದೆ. ಮುಳ್ಳು ಅಲ್ಲಾಡದೆ ನಿಂತಿತು. ಅಲ್ಲಿಗೆ ಪಂಪ್ ನಿರ್ದೋಷಿ, ಸೋರುತ್ತಿರುವುದು ನೀಡಲ್ ವಾಲ್ವ್. ನೀಡಲ್ ಮತ್ತು ಅದು ಕೂರುವ ಸೀಟ್ ಎರಡೂ ಬದಲಾಯಿಸಿದ ಮೇಲೆ ಆ ಕಾಟ ನಿಂತಿದೆ. ಅದಿಲ್ಲದೆ ಪಂಪ್ ಸುತ್ತ ಶಾಖ ತಡೆಯುವ ತಗಡು ಕಟ್ಟಿಕೊಂಡು ಕೂತಿದ್ದರೆ ಏನೂ ಪ್ರಯೋಜನ ಆಗುತ್ತಿರಲಿಲ್ಲ. ಅಂದಹಾಗೆ, ಓವರ್ ಆದಾಗ ಆಕ್ಸಲರೇಟರ್ ಪದೇ ಪದೇ ತುಳಿಯಬೇಡಿ. ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಗಾಳಿ ಒಳಗೆ ಹೋಗಿ ತಾನೇ ಹತ್ತಿಕೊಳ್ಳುತ್ತದೆ. ವೇಪರ್ ಲಾಕ್ ಆಗಿದ್ದರೆ ಸೆಲ್ಫ್ ಹೊಡೆದರೂ ಪ್ರೆಶರ್ ಏರದೆ ಮುಳ್ಳು ಒದ್ದಾಡುತ್ತದೆ, ಆಗ ಪಂಪ್ ಮತ್ತು ಲೈನ್ ತಣ್ಣಗಾಗುವವರೆಗೆ ಕಾಯಬೇಕು.

ಗೇಜ್‌ಗೆ ಕಾಣದ ಒಂದು ತೊಂದರೆಯೂ ಇದೆ. ಎಂಜಿನ್ ಶಾಖಕ್ಕೆ ಬೌಲ್‌ನಲ್ಲಿರುವ ಪೆಟ್ರೋಲೇ ಕುದಿದು ಉಕ್ಕಿದರೆ, ನೀಡಲ್ ಚೆನ್ನಾಗಿದ್ದರೂ ಎಂಜಿನ್ ಓವರ್ ಆಗುತ್ತದೆ. ಪ್ರೆಶರ್ ಗಟ್ಟಿಯಾಗಿ ನಿಂತಿದ್ದೂ ಪ್ಲಗ್ ಒದ್ದೆಯಾಗಿದ್ದರೆ ಇದನ್ನು ಅನುಮಾನಿಸಿ, ಕಾರ್ಬುರೇಟರ್ ಕೆಳಗೆ ಶಾಖ ತಡೆಯುವ ಸ್ಪೇಸರ್ ಇದೆಯಾ ನೋಡಿ.

ವ್ಯಾಕ್ಯೂಮ್ ಕಡೆ ಕೆಟ್ಟದ್ದೇನಲ್ಲ. ಆದರೆ ಅದು ಎಂಜಿನ್ ಸ್ಟಾರ್ಟ್ ಆದ ಮೇಲಿನ ಮಾತು. ಐಡ್ಲಿಂಗ್‌ನಲ್ಲಿ 17 ರಿಂದ 21 ಇಂಚು, ಮುಳ್ಳು ನಡುಗದೆ ನಿಂತರೆ ಒಳ್ಳೆಯದು. ಎತ್ತರದ ಊರಾದರೆ ಪ್ರತಿ 1000 ಅಡಿಗೆ ಸುಮಾರು ಒಂದು ಇಂಚು ಕಡಿಮೆ ಲೆಕ್ಕ ಹಾಕಿ. ಡಯಲ್ ಮೇಲೆ ಬಣ್ಣ ಬಳಿದು ಟೈಮಿಂಗ್ ಲೇಟ್, ವಾಲ್ವ್ ಲೀಕ್ ಅಂತೆಲ್ಲ ಬರೆದಿದ್ದಾರಲ್ಲ, ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಅದೇ ಜಾಗಕ್ಕೆ ಮುಳ್ಳು ಬರಲು ಬೇರೆ ಕಾರಣಗಳೂ ಇರುತ್ತವೆ.

ಕೊರತೆ ಹೇಳಬೇಕೆಂದರೆ, ಹೋಸ್ ತೀರಾ ಮೋಟು. ಗೇಜ್ ಅನ್ನು ಒಳಗೆ ಸೀಟಿನಿಂದ ಕಾಣುವ ಹಾಗೆ ಇಡಲು ಆಗುವುದೇ ಇಲ್ಲ, ಸೆಲ್ಫ್ ಹೊಡೆಯಲು ಇನ್ನೊಬ್ಬರು ಬೇಕು. ಆ ರಬ್ಬರ್ ಕೂಡ ಪೆಟ್ರೋಲ್ ತಾಗಿ ಬೇಗ ಗಡುಸಾಯಿತು, ಪ್ಲಾಸ್ಟಿಕ್ ಟೀ ನೋಡಿದರೆ ನನಗಂತೂ ಭಯವೇ. ತಂದ ದಿನವೇ ಹಿತ್ತಾಳೆ ಟೀ, ಒಳ್ಳೆ ಫ್ಯೂಯಲ್ ಹೋಸ್, ಸರಿಯಾದ ಕ್ಲ್ಯಾಂಪ್ ಹಾಕಿಕೊಳ್ಳಿ. ಪರೀಕ್ಷೆ ಮುಗಿದ ಮೇಲೆ ಟೀ ತೆಗೆದು ಲೈನ್ ಮೊದಲಿನಂತೆ ಜೋಡಿಸಿ, ಗೇಜ್ ಕಟ್ಟಿಕೊಂಡೇ ರಸ್ತೆಗಿಳಿಯಬೇಡಿ.