ಪಿಕಪ್‌ಗೆ ಪುಟ್ಟ ಕ್ರೇನ್: ಜಾಕ್, ಕೈ ವಿಂಚ್, ಬ್ಯಾಟರಿ ವಿಂಚ್

ಕೆಲಸ ಒಂದೇ: 250 ಕೆಜಿಯ ಡೀಸೆಲ್ ಪಂಪ್‌ಸೆಟ್ಟನ್ನು ನೆಲದಿಂದ ಪಿಕಪ್ಪಿಗೆ ಹಾಕುವುದು, ಮತ್ತೆ ಇಳಿಸುವುದು. ಜಾಕ್, ಕೈ ವಿಂಚ್, ಬ್ಯಾಟರಿ ವಿಂಚ್ (ವಿಂಚ್ ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ), ಈ ಮೂರನ್ನೂ ಬಳಸಿ ನೋಡಿದ ಮೇಲೆ ಉಳಿದದ್ದು ಬ್ರೇಕ್ ಇರುವ ಕೈ ವಿಂಚ್.

ಹೈಡ್ರಾಲಿಕ್ ಜಾಕ್ ಕ್ರೇನ್ ಎಲ್ಲಕ್ಕಿಂತ ಅಗ್ಗ. ಆದರೆ ಜಾಕ್ ಎತ್ತುವ ಎತ್ತರಕ್ಕೆ ಮಿತಿಯಿದೆ. ಕೊಕ್ಕೆ ನೆಲ ಮುಟ್ಟಲಿ ಅಂತ ಸರಪಳಿ ಉದ್ದ ಬಿಟ್ಟರೆ, ಜಾಕ್ ಪೂರ್ತಿ ಎತ್ತಿದರೂ ಪಂಪ್‌ಸೆಟ್ ಬಾಡಿಯ ಅಂಚು ದಾಟುವುದಿಲ್ಲ. ಕಟ್ಟೆಯಿಂದ ಗಾಡಿಗೆ ಹಾಕುವವರಿಗೆ ಸಾಕು, ನೆಲದಿಂದ ಎತ್ತುವವರಿಗೆ ಅಲ್ಲ. ಕ್ರೇನಿನ ಕೈ ಉದ್ದ ಎಳೆದಷ್ಟೂ ಅದರ ತಾಕತ್ತು ಇಳಿಯುತ್ತದೆ, ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಗಿಡ್ಡ ಕೈಯ ಲೆಕ್ಕ.

ಬ್ಯಾಟರಿ ವಿಂಚ್ ವೇಗದಲ್ಲಿ ಮುಂದೆ, ಜನ ಮರುಳಾಗುವುದೂ ಅದಕ್ಕೇ. ಭಾರ ಬಿದ್ದಾಗ 12 ವೋಲ್ಟ್ ಮೋಟಾರ್ 150 ಆಂಪಿಯರ್ ಎಳೆಯಬಲ್ಲದು. ಬಾನೆಟ್ಟಿನಿಂದ ಹಿಂದಕ್ಕೆ ಹೋಗಿಬರುವ ಎಂಟು ಮೀಟರ್ ತಾಮ್ರದ ಕೇಬಲ್ 10 ಚದರ ಮಿ.ಮೀ. ದಪ್ಪದ್ದಾಗಿದ್ದರೆ ದಾರಿಯಲ್ಲೇ ಎರಡು ವೋಲ್ಟ್ ಹೋಯಿತು. ಮೋಟಾರ್ ಗೊರಗುಟ್ಟುತ್ತದೆ, ಕೇಬಲ್ ಬಿಸಿಯಾಗುತ್ತದೆ. 35 ಚದರ ಮಿ.ಮೀ. ಹಾಕಿದರೆ ನಷ್ಟ 0.6 ವೋಲ್ಟ್. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ, ಎತ್ತುವಾಗ ಎಂಜಿನ್ ಓಡುತ್ತಿರಲಿ. ಕೆಸರಿನಿಂದ ಗಾಡಿ ಎಳೆಯುವ ವಿಂಚನ್ನು ಮಾತ್ರ ಇದಕ್ಕೆ ಕಟ್ಟಬೇಡಿ: ಭಾರ ಇಳಿಸುವಾಗ ಅದರ ಬ್ರೇಕ್ ಕಾದು ಜಾರುತ್ತದೆ.

ಕೈ ವಿಂಚಿನಲ್ಲಿ 1.5 ಮೀಟರ್ ಎತ್ತಲು ಸುಮಾರು 35 ಸುತ್ತು. 4:1 ಗೇರ್ (ಹಿಡಿ ನಾಲ್ಕು ಸುತ್ತಿದರೆ ಡ್ರಮ್ ಒಂದು ಸುತ್ತು), 25 ಸೆಂ.ಮೀ. ಹಿಡಿ ಇದ್ದರೆ ಕೈಗೆ ಬರುವ ಒತ್ತಡ ಹತ್ತು ಕೆಜಿಯ ಆಸುಪಾಸು. ಕೊಳ್ಳುವಾಗ ನೋಡಬೇಕಾದ್ದು ಒಂದೇ, ಹಿಡಿ ಬಿಟ್ಟರೆ ಭಾರ ಅಲ್ಲೇ ನಿಲ್ಲಬೇಕು. ಬರೀ ರಾಚೆಟ್ (ಹಿಂದಕ್ಕೆ ತಿರುಗದಂತೆ ಕೊಂಡಿ ತಡೆಯುವ ಹಲ್ಲುಚಕ್ರ) ಇರುವುದರಲ್ಲಿ ಇಳಿಸಲು ಕೊಂಡಿ ಎತ್ತಿದ ಕ್ಷಣ ಹಿಡಿ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ. 6 ಮಿ.ಮೀ. ಉಕ್ಕಿನ ಹಗ್ಗ ಸಾಕು. ತುದಿಗೆ ಮೂರು ಕ್ಲಾಂಪ್, ಯು-ಬೋಲ್ಟ್ ಬದಿ ಹಗ್ಗದ ಸತ್ತ ತುದಿಯ, ಅಂದರೆ ಮಡಚಿ ತಂದ ಗಿಡ್ಡ ತುದಿಯ ಮೇಲೆ ಕೂರಬೇಕು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಎತ್ತುವವರು ಮಾತ್ರ ಬ್ಯಾಟರಿಗೆ ಖರ್ಚು ಮಾಡಲಿ.

ಯಾವುದನ್ನು ಕೂರಿಸಿದರೂ ಕೆಡುವ ಜಾಗ ಒಂದೇ, ಕ್ರೇನ್ ಕಂಬದ ಬುಡ. 250 ಕೆಜಿ ಕಂಬದಿಂದ 1.2 ಮೀಟರ್ ಆಚೆ ತೂಗಿದರೆ, 25 ಸೆಂ.ಮೀ. ಅಂತರದ ಬೋಲ್ಟ್ ಸಾಲಿನ ಮೇಲೆ 1,200 ಕೆಜಿ ಎಳೆತ. ಎಂ16 (16 ಮಿ.ಮೀ. ದಪ್ಪ), 8.8 ಗ್ರೇಡಿನ ಗಟ್ಟಿ ಬೋಲ್ಟ್ ಎರಡಿದ್ದರೆ ಇದನ್ನು ಆರಾಮಾಗಿ ತಡೆಯುತ್ತವೆ. ಬಾಡಿಯ ತೆಳು ಶೀಟ್ ತಡೆಯುವುದಿಲ್ಲ, ಬೋಲ್ಟ್ ತಲೆಯ ಸುತ್ತ ಬಟ್ಟಲಿನಂತೆ ಉಬ್ಬಿ ಹರಿಯುತ್ತದೆ. ಹಾಗಾಗಿ 10 ಮಿ.ಮೀ. ಪ್ಲೇಟನ್ನು ಶೀಟಿನ ಕೆಳಗೆ ಹಾಕಿ, ಅಲ್ಲಿಂದ ಚಾಸಿಸ್‌ವರೆಗೆ ಉಕ್ಕಿನ ಚಾನೆಲ್ ಇಳಿಸಿ ಯು-ಬೋಲ್ಟಿನಲ್ಲಿ ಬಿಗಿಯಿರಿ. ಚಾಸಿಸ್‌ನ ಮೇಲಿನ, ಕೆಳಗಿನ ಅಂಚಿಗೆ ತೂತು ಬೇಡ, ವೆಲ್ಡಿಂಗ್ ಅಂತೂ ಬೇಡವೇ ಬೇಡ. ಮೊದಲ ಕೆಲವು ಲೋಡಿನ ನಂತರ ನಟ್ ಮತ್ತೆ ಬಿಗಿಯಬೇಕು, ಬಣ್ಣ ಕುಸಿದು ಸಡಿಲವಾಗಿರುತ್ತದೆ. ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ವೆಲ್ಡಿಂಗ್ ಶಾಪ್‌ಗೆ ಹೋಗುವ ಮೊದಲೇ ಆರ್‌ಟಿಒ ಕೇಳಿ.

ಭಾರವನ್ನು ಪಕ್ಕಕ್ಕೆ ತಿರುಗಿಸಿದಾಗ ಆ ಬದಿಯ ಲೀಫ್ ಸ್ಪ್ರಿಂಗ್ ಕುಗ್ಗಿ ಗಾಡಿ ವಾಲುತ್ತದೆ, ವಾಲಿದಷ್ಟೂ ಭಾರ ಇನ್ನೂ ಆಚೆ ಓಡುತ್ತದೆ. ಅದಕ್ಕೇ ಕಂಬದ ಬದಿಗೆ ತಿರುಪಿನ ಕಾಲು ಬೇಕು, ಅದರಡಿ ಒಂದು ಅಗಲ ಹಲಗೆ. ಕಾಲು ಎತ್ತದೆ ಗಾಡಿ ಬಿಟ್ಟರೆ ಮೊದಲು ಬಾಗುವುದು ಅದೇ.