ಬಾಳೆಲೆ ಹಾಕಿದ್ದು 32, ಒಳಗೆ ಬಿಟ್ಟಿದ್ದು 8: ನಮ್ಮ ವಖಾರಿಯ ಕಾನ್ಫರೆನ್ಸ್ ಫೋನು

ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಫೋನಿನ ಉಸಾಬರಿಯೂ ನನ್ನ ತಲೆಗೇ. ದಿನಾ ಬೆಳಿಗ್ಗೆ 9:15ಕ್ಕೆ, ಟೆಂಡರಿನಲ್ಲಿ ಖರೀದಿ ದರ ಬರೆಯುವ ಮುಂಚೆ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ, ಸಾಗರದ ನಮ್ಮವರೆಲ್ಲ ಒಂದೇ ಕರೆಯಲ್ಲಿ ಸೇರಬೇಕು. ಇವತ್ತು ರಾಶಿ ಅಡಿಕೆಗೆ ಎಲ್ಲಿಯ ತನಕ ಏರಬಹುದು, ಚಾಲಿ ಅಡಿಕೆ ಹಿಡಿಯೋದೋ ಬಿಡೋದೋ, ಕುಮಟಾದ ಚಿಪ್ಪು ಅಡಿಕೆಗೆ ಗಿರಾಕಿ ಇದ್ದಾರೋ ಇಲ್ಲವೋ, ಇಷ್ಟೇ ಮಾತು. ಹತ್ತು ನಿಮಿಷದ್ದು. ಆ ಹತ್ತು ನಿಮಿಷಕ್ಕೆ ನಾವು ಪಟ್ಟ ಪಾಡು ಮಾತ್ರ ದೊಡ್ಡದು.

ವಖಾರಿಯ ಫೋನುಗಳನ್ನು ಕೂಡಿಸುವ ಹಳೆಯ ಎಕ್ಸ್‌ಚೇಂಜಿನಲ್ಲಿ ಮೂವರು ಮಾತಾಡಬಹುದಿತ್ತು, ನಾಲ್ಕನೆಯವರಿಗೆ ಜಾಗ ಇಲ್ಲ. ಆಮೇಲೆ ಸಾಹುಕಾರ್ರ ಮೊಬೈಲು. ಅದರಲ್ಲಿ ಒಂದು ಕರೆಗೆ ಐವರನ್ನು ಸೇರಿಸಬಹುದು, ನಾವೂ ಸೇರಿ ಆರು. ಹಾಗಾಗಿ ಎರಡು ಪಂಕ್ತಿ. ಮೊದಲ ಪಂಕ್ತಿಗೆ ಹೇಳಿದ ದರ ಎರಡನೇ ಪಂಕ್ತಿ ಏಳುವಷ್ಟರಲ್ಲಿ ಬದಲಾಗಿರ್ತಿತ್ತು. ಎರಡು ವರ್ಷದ ಹಿಂದೆ ಇಂಟರ್ನೆಟ್ ಮೇಲೆ ಓಡುವ ಹೊಸ ಎಕ್ಸ್‌ಚೇಂಜ್ ಹಾಕಿಸಿದೆವು, ಅದರ ಕಾನ್ಫರೆನ್ಸಿಗೆ 8 ಸೀಟು, ಅಂದರೆ ಒಂದು ಕರೆಯಲ್ಲಿ ಎಂಟು ಜನ. ಈಗ ಹೊರಗಿನವರೇ 14, ಆಫೀಸಿನವರು 3.

ಇಷ್ಟಕ್ಕೆಲ್ಲ ವಾಟ್ಸಾಪ್ ಸಾಕಲ್ಲ ಅಂತ ನನ್ನ ಅಣ್ಣನ ಮಗನೂ ಕೇಳಿದ. ನಮ್ಮ ಖರೀದಿಯವರು ಆ ಹೊತ್ತಿಗೆ ತೋಟದ ದಾರಿಯಲ್ಲಿರ್ತಾರೆ. ಡೇಟಾ ಒಂದು ಗುಡ್ಡದಲ್ಲಿ ಇದ್ದರೆ ಮುಂದಿನ ತಿರುವಿನಲ್ಲಿ ಇಲ್ಲ. ಬರೀ ಮಾತಿನ ಕರೆ ಹೇಗೋ ದಾಟಿಕೊಳ್ಳುತ್ತೆ. ಹೊನ್ನಾವರದ ನಮ್ಮ ಹಿರಿಯರೊಬ್ಬರ ಹತ್ತಿರ ಇರೋದು ಇವತ್ತಿಗೂ ಗುಂಡಿ ಒತ್ತುವ ಫೋನೇ.

ಸೀಟು ಹೆಚ್ಚಿಸಿ ಅಂತ ಹುಬ್ಬಳ್ಳಿಯ ಡೀಲರಿಗೆ ಹೇಳಿದೆವು. 32 ಸೀಟಿನ ಲೈಸೆನ್ಸು, 18 ಸಾವಿರ. ಮುಂಡಗೋಡ ದಾಟಿ ಬರುವ ತಾಪತ್ರಯವೂ ಇಲ್ಲ, ಡೀಲರ್ ಹುಡುಗ ಕೂತಲ್ಲಿಂದಲೇ ಹಾಕಿ ಮುಗಿಸಿದ. ಇಪ್ಪತ್ತು ನಿಮಿಷದ ಕೆಲಸ. ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಬೇಕು ಅಂತ, ಕೇಳದೆ ಹೇಳದೆ, ಬೆಳಿಗ್ಗೆ 11 ಗಂಟೆಗೆ ಮಾಡಿಬಿಟ್ಟ. ಟೆಂಡರ್ ಹೊತ್ತು. ವಖಾರಿಯ ಫೋನೆಲ್ಲ ನಾಲ್ಕು ನಿಮಿಷ ಮೂಕ. ಸಾಹುಕಾರ್ರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಎಲೆಡಿಕೆ ಉಗಿದು ಬಂದು ನನ್ನ ಮುಖ ನೋಡಿದರು, ಅಷ್ಟೆ.

ಮರುದಿನ 9:15. ಎಂಟು ಜನ ಒಳಗೆ ಬಂದರು. ಒಂಬತ್ತನೆಯವರು ಯಲ್ಲಾಪುರದವರು, ನನ್ನ ಮೊಬೈಲಿಗೆ ಫೋನ್ ಮಾಡಿ "ಎಂಗೇಜ್ ಬತ್ತಾ ಇದ್ದು, ಎಂತ ಮಾಡವು?" ಅಂದರು. ಲೈಸೆನ್ಸ್ ನೋಡಿದರೆ 32 ಅಂತಲೇ ತೋರಿಸುತ್ತಿದೆ. ಡೀಲರಿಗೆ ಕೇಳಿದರೆ "ಇಂಟರ್ನೆಟ್ ಸಾಲೋದಿಲ್ಲ ಮೇಡಂ, ದೊಡ್ಡ ಪ್ಲಾನ್ ತಗೊಳ್ಳಿ."

ಆಗ ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ ಹೇಳಿದೆ. ಅವನು ಕಾಗದ ಹಿಡಿ ಅತ್ತೆ ಅಂದ. ಒಂದು ಕರೆಗೆ, ದನಿಯನ್ನು ಡಿಜಿಟಲ್ ಮಾಡುವ ಮಾಮೂಲಿ ಜಿ.711 ಪದ್ಧತಿಯಲ್ಲಿ, ಸೆಕೆಂಡಿಗೆ 64 ಕಿಲೋಬಿಟ್ (ಕೆಬಿಪಿಎಸ್), ಪ್ಯಾಕೆಟ್ಟಿನ ತೂಕ ಸೇರಿ ಒಂದೊಂದು ದಿಕ್ಕಿಗೆ ಸುಮಾರು 87. ಇಪ್ಪತ್ತು ಕರೆ ಅಂದರೂ 1,740, ಅಂದರೆ 2 ಎಂಬಿಪಿಎಸ್ ಕೂಡ ಆಗಲಿಲ್ಲ. ನಮ್ಮ ಫೈಬರ್ ಅದಕ್ಕಿಂತ ಎಷ್ಟೋ ದೊಡ್ಡದು. ಗಂಟು ಇರೋದು ಬೇರೆ ಕಡೆ. ಹೊರಗಿನಿಂದ ಬರುವ ಒಬ್ಬೊಬ್ಬರೂ ಒಂದೊಂದು ಲೈನ್ ಹಿಡಿದು ಕೂರ್ತಾರೆ. ನಾವೇ ಡಯಲ್ ಮಾಡಿ ಸೇರಿಸಿಕೊಂಡರೂ ಅಷ್ಟೇ. ಇಂಟರ್ನೆಟ್ ಮೇಲೆ ಹೊರಗಿನ ಕರೆ ತರುವ ನಮ್ಮ ಸಿಪ್ ಟ್ರಂಕಿನಲ್ಲಿ ಇದ್ದದ್ದು 8 ಚಾನೆಲ್, ಅಂದರೆ ಎಂಟೇ ಲೈನ್. ಊಟಕ್ಕೆ ಒಳಗೆ 32 ಬಾಳೆಲೆ ಹಾಕಿಟ್ಟು ಹೆಬ್ಬಾಗಿಲಲ್ಲಿ ಎಂಟು ಜನರನ್ನು ಬಿಟ್ಟು ಅಗಳಿ ಹಾಕಿದ ಹಾಗೆ. ಆಫೀಸಿನ ಒಳಗಿನ ಎಕ್ಸ್‌ಟೆನ್ಷನ್‌ಗೆ ಮಾತ್ರ ಲೈನ್ ಖರ್ಚಾಗುವುದಿಲ್ಲ.

ನನಗೆ ಹೆಚ್ಚು ಬೇಸರವಾದದ್ದು ಆಮೇಲೆ. ಆ ಹತ್ತು ನಿಮಿಷ ಎಂಟೂ ಲೈನ್ ನಾವೇ ತುಂಬಿಕೊಂಡಿದ್ದಕ್ಕೆ ದರ ಕೇಳಲು ಫೋನ್ ಮಾಡಿದ ಬೆಳೆಗಾರರಿಗೂ ಎಂಗೇಜ್. ಒಬ್ಬರು ಮಧ್ಯಾಹ್ನ ಖುದ್ದು ಬಂದು "ನಿಂಗಳ ಫೋನು ಹಾಳಾಯ್ದನ?" ಅಂತ ಕೇಳಿದರು. ಅಡಿಕೆ ಬೇರೆ ಕಡೆ ಹಾಕಿ ಬಂದಿದ್ದರು.

ಟ್ರಂಕನ್ನು 20 ಚಾನೆಲ್ಲಿಗೆ ಏರಿಸಿದೆವು. ಕಾನ್ಫರೆನ್ಸಿಗೆ 14, ಬೆಳೆಗಾರರಿಗೆ 6. ಹಳೆ ಕಾಲದ ಪಿಆರ್‌ಐ ಅನ್ನೋ ಡಿಜಿಟಲ್ ಲೈನ್ ಆಗಿದ್ದರೆ ಒಂದರಲ್ಲೇ 30 ಚಾನೆಲ್ ಸಿಗ್ತಿತ್ತು, ನಮಗೆ ಅಷ್ಟು ಬೇಡ. ತಿಂಗಳ ಬಿಲ್ಲು ಏರಿದೆ. ಡೀಲರು ಮೊದಲ ದಿನವೇ "ನಿಮ್ಮ ಲೈನ್ ಎಷ್ಟು?" ಅಂತ ಒಂದು ಮಾತು ಕೇಳಿದ್ದರೆ ಈ ಸುತ್ತು ಇರಲಿಲ್ಲ. ಲೈಸೆನ್ಸ್ ಮಾರಿದರೆ ಅವರಿಗೆ ಕಾಸು, ಲೈನ್ ಹೆಚ್ಚಿಸಿದರೆ ಬೇರೆಯವರಿಗೆ.

ಹದಿನೇಳು ಜನ ಕೂಡಿದ ಮೇಲೆ ಹೊಸ ತರಲೆ. ಎಕ್ಸ್‌ಚೇಂಜ್ ಎಲ್ಲರ ದನಿಯನ್ನೂ ಕೂಡಿಸಿ, ಪ್ರತಿಯೊಬ್ಬರಿಗೂ ಅವರವರ ದನಿ ಮಾತ್ರ ಕಳೆದು ಕೊಡುತ್ತದೆ. ದನಿ ಕೂಡಿದಂತೆ ಗಲಾಟೆಯೂ ಕೂಡುತ್ತದೆ. ಸಿದ್ದಾಪುರದ ತಗಡಿನ ಮಾಡಿನ ಮೇಲೆ ಮಳೆ, ದೇವಿಮನೆ ಘಟ್ಟದ ಬಸ್ಸಿನ ಹಾರ್ನು, ಯಾರದೋ ಮನೆಯ ಕುಕ್ಕರು. ಅದಕ್ಕಿಂತ ಕೆಟ್ಟದ್ದು, ಸಾಗರದವರು ಇನ್ನೊಂದು ಕರೆ ಬಂತು ಅಂತ ನಮ್ಮನ್ನು ಹೋಲ್ಡಿಗೆ ಹಾಕಿ ಹೋಗೋದು. "ನಿಮ್ಮ ಕರೆಯನ್ನು ಹೋಲ್ಡ್‌ನಲ್ಲಿ ಇರಿಸಲಾಗಿದೆ" ಅಂತ ಆ ಹೆಂಗಸು ರಾಶಿ ದರದ ನಡುವೆ ಹದಿನಾರು ಜನಕ್ಕೆ ಹೇಳ್ತಾ ಇರ್ತಾಳೆ. ಈಗ ಎಲ್ಲರೂ ಮ್ಯೂಟಿನಲ್ಲೇ ಒಳಗೆ ಬರುವ ಹಾಗೆ ಮಾಡಿದ್ದೇವೆ. ಮಾತಾಡಬೇಕಾದವರು ಸ್ಟಾರ್ ಒತ್ತಿ ಒಂದು ಒತ್ತಬೇಕು. ಹೊನ್ನಾವರದ ಹಿರಿಯರು ಎರಡೇ ದಿನಕ್ಕೆ ಕಲಿತರು, ಎಂಜಿನಿಯರಿಂಗ್ ಓದಿದ ಸಾಹುಕಾರ್ರ ಮಗ ಇನ್ನೂ ಮ್ಯೂಟಿನಲ್ಲೇ ಭಾಷಣ ಮಾಡ್ತಾನೆ. ನಾನು ಊರಿನ ಹೆಸರು ಕರೆದು ಹಾಜರಿ ಹಾಕೋದು ಕೇಳಿ ಕುಮಟಾದವರು ನನಗೆ "ಅಕ್ಕೋರು" (ಶಾಲೆಯ ಟೀಚರ್) ಅಂತ ಹೆಸರಿಟ್ಟಿದ್ದಾರೆ.

ಆ ಹಾಜರಿಯೇ ಒಮ್ಮೆ ಉಳಿಸಿತು. ಹೋದ ತಿಂಗಳು ಒಂದು ದಿನ ಹೊರಗಿನವರು 14 ಇರಬೇಕಾದಲ್ಲಿ ಪರದೆ 15 ತೋರಿಸ್ತು. ಒಂದೊಂದೇ ಹೆಸರು ಕರೆದೆ, ಎಲ್ಲರೂ "ಓ" ಅಂದರು. ಹದಿನೈದನೆಯದು ಅನ್ನಲಿಲ್ಲ. "ಯಾರು ಇದ್ದೀರಿ?" ಅಂದೆ. ಟಕ್ ಅಂತ ಇಟ್ಟ ಸದ್ದು. ಟೆಂಡರಿಗೆ ಮುಂಚಿನ ದರ ಇನ್ನೊಬ್ಬರ ಕಿವಿಗೆ ಬಿದ್ದರೆ ಅವತ್ತಿನ ಖರೀದಿ ಮುಗಿದ ಹಾಗೇ. ಅಲ್ಲಿಯ ತನಕ ಆ ಕಾನ್ಫರೆನ್ಸ್ ಕೋಣೆಗೆ ಪಿನ್ನೇ ಇಟ್ಟಿರಲಿಲ್ಲ, ನಂಬರ್ ಗೊತ್ತಿದ್ದವರೆಲ್ಲ ಒಳಗೆ ಬರಬಹುದಿತ್ತು. ಡೀಲರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಪ್ರತಿ ಸೋಮವಾರ ಪಿನ್ ಬದಲು, ಹಾಜರಿ ಮುಗಿದ ಮೇಲೆ ಕೋಣೆಗೆ ಬೀಗ.

ಅಣ್ಣನ ಮಗ ಮೊದಲೇ ಹೇಳಿದ್ದ, ಆಸ್ಟೆರಿಸ್ಕ್ ಅನ್ನೋ ಎಕ್ಸ್‌ಚೇಂಜ್ ಸಾಫ್ಟ್‌ವೇರ್ ಹಾಕಿ ಅತ್ತೆ, 1999ರಿಂದ ಇದೆ, ಪುಕ್ಕಟೆ, ಸೀಟಿಗೆ ಲೈಸೆನ್ಸಿನ ಲೆಕ್ಕವೇ ಇಲ್ಲ ಅಂತ. ಹೌದಿರಬಹುದು. ಆದರೆ ಮಳೆಗಾಲದ ರಾತ್ರಿ ಅದು ನಿಂತರೆ ಎಬ್ಬಿಸೋರು ಯಾರು? ಅವನು ಇರೋದು ಬೆಂಗಳೂರಿನಲ್ಲಿ. ಈ ಡೀಲರ್ ಹುಡುಗ ಬೈಸಿಕೊಂಡರೂ ಫೋನ್ ಎತ್ತುತ್ತಾನೆ, ಅದಕ್ಕೆ ಅವನಿಗೆ ಅರ್ಧ ಅಂಕ ಹೆಚ್ಚು. ಸಿಡಿಲಿನ ದಿನ ಕರೆಂಟು ಹೋದಾಗ ಹೊಸ ಫೋನುಗಳು ಹೆಣ ಬಿದ್ದ ಹಾಗೆ ಬಿದ್ದಿರ್ತಿದ್ದವು, ಸ್ವಿಚ್ಚಿಗೂ ರೂಟರಿಗೂ ಯುಪಿಎಸ್ ಕೊಟ್ಟ ಮೇಲೆ ಅದೂ ಸರಿಯಾಯಿತು.

ನಿಮ್ಮಲ್ಲಿ ಆರು ಜನರೊಳಗೆ ಮುಗಿಯುವ ಮಾತಾದರೆ ಮೊಬೈಲೇ ಸಾಕು, ದುಡ್ಡು ಹಾಕಬೇಡಿ. ಅದಕ್ಕೆ ಮೀರಿದರೆ ಸೀಟಿನ ದರ ಕೇಳುವ ಮೊದಲು ನಿಮ್ಮ ಟ್ರಂಕಿನ ಬಿಲ್ಲು ತೆಗೆದು ಚಾನೆಲ್ ಎಷ್ಟು ಅಂತ ನೋಡಿ. ನಮಗೆ 32ರ ಬದಲು 20 ಸೀಟಿನ ಲೈಸೆನ್ಸ್ ಧಾರಾಳ ಸಾಕಿತ್ತು.

ಕರೆ ರೆಕಾರ್ಡ್ ಆಗಬೇಕು ಅಂದರೆ ಅದಕ್ಕೆ ಮತ್ತೊಂದು ಲೈಸೆನ್ಸ್ ಅಂತೆ. ಸಾಹುಕಾರ್ರು ಮುಂದಿನ ಸುಗ್ಗಿಗೆ ನೋಡೋಣ ಅಂದಿದ್ದಾರೆ. ಸದ್ಯಕ್ಕೆ ದರ ಬರೆದುಕೊಳ್ಳೋದು ನನ್ನ ಕೆಂಪು ರಟ್ಟಿನ ಪುಸ್ತಕದಲ್ಲೇ.