ಫರ್ಮ್‌ವೇರ್ ಕೋಡಿನ ಎರರ್ ಹ್ಯಾಂಡ್ಲಿಂಗ್: ಕಣ್ಣಿನ ಓದು, ಸ್ಮ್ಯಾಚ್, ಫೇಲ್‌ಸ್ಲ್ಯಾಬ್

ಲಿನಕ್ಸ್ ಕರ್ನಲ್‌ನ ಡ್ರೈವರ್ ಒಂದರಲ್ಲಿ ಫರ್ಮ್‌ವೇರನ್ನು, ಅಂದರೆ ಸಾಧನದೊಳಗೆ ಓಡುವ ತಂತ್ರಾಂಶವನ್ನು, ಲೋಡ್ ಮಾಡುವ ಭಾಗವನ್ನು ಎರಡು ಬಾರಿ ಓದಿ ಒಪ್ಪಿಗೆ ಕೊಟ್ಟವನು ನಾನೇ. ಆದರೆ ಫರ್ಮ್‌ವೇರ್ ಕಡತ ಅರ್ಧಕ್ಕೆ ತುಂಡಾಗಿದ್ದ ಒಂದು ಯಂತ್ರದಲ್ಲಿ ಡ್ರೈವರ್ ಯಾವ ತಕರಾರೂ ಇಲ್ಲದೆ ಲೋಡ್ ಆಯಿತು, ಸಾಧನ ಮಾತ್ರ ಸತ್ತಂತಿತ್ತು. ಕಡತವನ್ನು ತಂದುಕೊಡುವ 'ರಿಕ್ವೆಸ್ಟ್ ಫರ್ಮ್‌ವೇರ್' ಫಂಕ್ಷನ್ ಯಶಸ್ವಿಯಾಗಿದ್ದರಿಂದ, ಫಲಿತಾಂಶ ಹೇಳುವ 'ರೆಟ್' ವೇರಿಯಬಲ್‌ನಲ್ಲಿ ಸೊನ್ನೆ, ಅಂದರೆ 'ಎಲ್ಲ ಸರಿ', ಉಳಿದಿತ್ತು. ಮುಂದೆ ಕಡತದ ಗಾತ್ರ ಹೆಡರ್‌ಗಿಂತ ಚಿಕ್ಕದೆಂದು ಕಂಡಾಗ ಕೋಡ್ 'ಗೋಟು ಔಟ್' ಎಂದು ಕೊನೆಯ ಲೇಬಲ್‌ಗೆ ಜಿಗಿದು ಹೊರಬೀಳುತ್ತಿತ್ತೇ ಹೊರತು ರೆಟ್‌ನಲ್ಲಿ ಎರರ್ ಕೋಡ್ ಇಡುತ್ತಿರಲಿಲ್ಲ. ಆ ಹಾದಿಯಲ್ಲಿ ಮೆಮೊರಿ ಸರಿಯಾಗಿ ಬಿಡುಗಡೆಯಾಗುತ್ತಿದ್ದುದರಿಂದಲೇ ನಾನು ಮೋಸಹೋದೆ. ತಿದ್ದುವ ಮುನ್ನ ಅದೇ ಕೋಡನ್ನು ಮೂರು ಬಗೆಯಲ್ಲಿ ಪರೀಕ್ಷಿಸಿದೆ: ಕಣ್ಣಾರೆ ಓದಿ, ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಸ್ಮ್ಯಾಚ್‌ನಿಂದ, ಮತ್ತು ಓಡುವಾಗ ಬೇಕೆಂದೇ ವೈಫಲ್ಯ ತರುವ ಫೇಲ್‌ಸ್ಲ್ಯಾಬ್‌ನಿಂದ. ನನ್ನ ಒಲವು ಸ್ಮ್ಯಾಚ್ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸ್ಮ್ಯಾಚ್ ಆ ಒಂದು ಕಡತವನ್ನು ಓದಿ, ಎರರ್ ಕೋಡ್ ಇಲ್ಲವೆಂದು ಸರಿಯಾಗಿ ಆ ಗೋಟು ಇದ್ದ ಸಾಲನ್ನೇ ತೋರಿಸಿತು. ರೆಟ್‌ನಲ್ಲಿ ಮೌಲ್ಯವೊಂದು ಇದ್ದೇ ಇದ್ದುದರಿಂದ ಕಂಪೈಲರ್ ಇದರ ಬಗ್ಗೆ ಚಕಾರವೆತ್ತಿರಲಿಲ್ಲ. ಸ್ಮ್ಯಾಚ್‌ನ ಎಚ್ಚರಿಕೆಗಳಲ್ಲಿ ಹುಸಿ ಇಲ್ಲದಿಲ್ಲ; ಸೊನ್ನೆಯೊಂದಿಗೆ ಹೊರಬರುವುದೇ ಉದ್ದೇಶವಾಗಿರುವ ಕಡೆಯೂ ಅದು ಗೊಣಗುತ್ತದೆ. ಅಂಥಲ್ಲಿ ಗೋಟುವಿಗೆ ತುಸು ಮೊದಲು ರೆಟ್‌ಗೆ ಸೊನ್ನೆಯನ್ನು ಮತ್ತೆ ಬರೆದರೆ ಅದು ಸುಮ್ಮನಾಗುತ್ತದೆ, ಓದುವವರ ಅನುಮಾನವೂ ತೀರುತ್ತದೆ. ಫಂಕ್ಷನ್‌ಗಳ ನಡುವಿನ ಸಂಬಂಧ ತಿಳಿಯಲು ಅದಕ್ಕೆ ಇಡೀ ಕರ್ನಲ್‌ನ ಡೇಟಾಬೇಸ್ ಕಟ್ಟಿಕೊಡಬೇಕು. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಅದು ಹೊರಲಾರದ ಹೊರೆ, ಆದ್ದರಿಂದ ಬಿಟ್ಟಿದ್ದೇನೆ.

ಫೇಲ್‌ಸ್ಲ್ಯಾಬ್ ಕರ್ನಲ್‌ನೊಳಗೇ ಇರುವ ಸೌಲಭ್ಯ. ಮೆಮೊರಿ ಕೇಳಿದಾಗ ಬೇಕೆಂದೇ ಇಲ್ಲವೆನ್ನುತ್ತದೆ. ಹಾಗೆ ಸೋಲಿಸುವ ಸಂಭವನೀಯತೆಯನ್ನು ಶೇ. 10ಕ್ಕೆ ಇಟ್ಟು, ರಾತ್ರಿಯಿಡೀ ಡ್ರೈವರ್‌ನ ಮಾಡ್ಯೂಲನ್ನು ಹಾಕಿ ತೆಗೆಯುವ ಲೂಪ್ ಓಡಿಸಿದೆ. ಬೆಳಿಗ್ಗೆ ನೋಡಿದರೆ ನನ್ನ ಡ್ರೈವರ್‌ನಲ್ಲಿ ಒಂದೂ ವೈಫಲ್ಯವಿಲ್ಲ. ಕೋಡ್ ಗಟ್ಟಿಯಾಗಿದೆ ಎಂದು ಅರ್ಧ ದಿನ ಹಿಗ್ಗಿದ್ದೂ ಉಂಟು.

ನಿಜ ಬೇರೆಯಿತ್ತು. 'ಇಗ್ನೋರ್ ಜಿಎಫ್‌ಪಿ ವೇಟ್' ಎಂಬ ಆಯ್ಕೆ ಮೊದಲಿನಿಂದಲೇ 'ವೈ' ಆಗಿರುತ್ತದೆ. ಹಾಗಿರುವವರೆಗೆ, ಕಾದು ಮೆಮೊರಿ ಪಡೆಯಬಲ್ಲ ಬೇಡಿಕೆಗಳನ್ನು ಫೇಲ್‌ಸ್ಲ್ಯಾಬ್ ಮುಟ್ಟುವುದೇ ಇಲ್ಲ. ಸಾಧನವನ್ನು ಅಣಿಗೊಳಿಸುವ, ಡ್ರೈವರ್‌ನ 'ಪ್ರೋಬ್' ಫಂಕ್ಷನ್‌ನಲ್ಲಿ ಬರುವ ಬೇಡಿಕೆಗಳು ಬಹುಪಾಲು 'ಜಿಎಫ್‌ಪಿ ಕರ್ನಲ್' ಎಂಬ ಬಗೆಯವು, ಅಂದರೆ ಅದೇ ಜಾತಿಯವು. ಅದನ್ನು 'ಎನ್' ಮಾಡಿದ ಮೇಲೆ ತದ್ವಿರುದ್ಧ ಪೀಡೆ ಶುರುವಾಯಿತು: ನನ್ನ ಕೋಡ್ ತಲುಪುವ ಮೊದಲೇ, ಮಾಡ್ಯೂಲ್ ಹಾಕುವ ಮಾಡ್‌ಪ್ರೋಬ್ ಆದೇಶ ಎಲ್ಲೋ ಮುಗ್ಗರಿಸುತ್ತಿತ್ತು. ಕೊನೆಗೆ 'ಫೇಲ್ ಎನ್‌ತ್' ಕಡತದಲ್ಲಿ 1, 2, 3 ಎಂದು ಒಂದೊಂದೇ ಸಂಖ್ಯೆ ಬರೆಯುತ್ತ, ಆ ಪ್ರಕ್ರಿಯೆಯ ಅಷ್ಟನೆಯ ಬೇಡಿಕೆಯನ್ನು ಮಾತ್ರ ಸೋಲಿಸಿದಾಗ ಕೆಲಸ ಹಳಿಗೆ ಬಂತು. ಎರಡನೆಯ ಬಫರ್ (ಡೇಟಾ ಇಡುವ ಮೆಮೊರಿ) ಸಿಗದಿದ್ದಾಗ ಫರ್ಮ್‌ವೇರ್ ಬಿಡುಗಡೆಯಾಗದೆ ಉಳಿಯುವ ಸೋರಿಕೆ ಹೀಗೆ ಸಿಕ್ಕಿತು, ಅದರ ಋಣ ನನ್ನ ಮೇಲಿದೆ. ಆದರೆ ನನ್ನನ್ನು ಕಾಡಿದ ಮೂಲ ದೋಷ ಮೆಮೊರಿಯದ್ದಲ್ಲವಾದ್ದರಿಂದ ಅದರ ಕೈಗೆ ಸಿಗಲೇ ಇಲ್ಲ. ಅದಕ್ಕೆ ತುಂಡು ಕಡತವನ್ನು ನಾನೇ ಕೊಡಬೇಕಿತ್ತು. ಅಷ್ಟು ಹೊಳೆದಿದ್ದರೆ ಮೊದಲೇ ದೋಷ ಹಿಡಿಯುತ್ತಿದ್ದೆ.

ಕೋಡಿನಲ್ಲಿ ಮಾದರಿ ಹುಡುಕಿ ತಿದ್ದುವ ಕಾಕ್ಸಿನೆಲ್ ಎಂಬ ಇನ್ನೊಂದು ಸಾಧನವಿದೆ; ಅದು ಒಂದೇ ತಪ್ಪನ್ನು ನೂರು ಕಡತಗಳಲ್ಲಿ ಹುಡುಕುವವರಿಗೆ ಸರಿ, ನನಗೆ ಬೇಕಾಗಲಿಲ್ಲ.

ಕಣ್ಣಿನ ಓದನ್ನು ಬಿಟ್ಟಿಲ್ಲ. ಕಡತವೇ ಇಲ್ಲವೆಂಬ ಇಎನ್‌ಒಇಎನ್‌ಟಿ ಎರರ್ ಕೋಡನ್ನು ಯಾರೋ ಇಐಎನ್‌ವಿಎಎಲ್ (ಕೊಟ್ಟ ಮೌಲ್ಯ ಸರಿಯಿಲ್ಲ) ಆಗಿ ಬದಲಿಸಿ ನಿಜವಾದ ಕಾರಣವನ್ನು ಮುಚ್ಚಿಹಾಕಿದ್ದನ್ನು ನನಗೆ ತೋರಿಸಿದ್ದು ಕಣ್ಣು ಮಾತ್ರ. ಹಾಗಾಗಿ ಈಗ ಪ್ರತಿ ಪ್ಯಾಚ್‌ಗೂ ಮೊದಲು ಸ್ಮ್ಯಾಚ್ ಓಡಿಸುತ್ತೇನೆ, ಬಳಿಕ ಗೋಟುಗಳು ಜಿಗಿಯುವ ಲೇಬಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಹೊಸ ಬಫರ್ ಸೇರಿದ್ದರೆ ಮಾತ್ರ ಫೇಲ್ ಎನ್‌ತ್‌ಗೆ ಒಂದು ಸಂಜೆ ಮೀಸಲಿಡುತ್ತೇನೆ.